ಕಿವಿಗೆ ಸಿಕ್ಕಿದ ಭಾಗವತಿಕೆ

ನಮ್ಮ ನಾರ್ವೆ ಯುರೋಪಿನ ದೇಶವಲ್ಲ. ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಹೋದ ವರ್ಷ ಫೋನಿನಲ್ಲಿ ಒಬ್ಬ ಅಂಗಡಿಯವನಿಗೆ ವಿಳಾಸ ಹೇಳುವಾಗ ಇದನ್ನು ಎರಡೆರಡು ಬಾರಿ ಬಿಡಿಸಿ ಹೇಳಬೇಕಾಯಿತು. ‘ಸಾರ್, ನಾವು ಹೊರದೇಶಕ್ಕೆ ಕಳಿಸೋದಿಲ್ಲ’ ಎಂದು ಅವನು, ‘ಅಯ್ಯೋ ಮಾರಾಯ, ಇದು ಚಿಕ್ಕಮಗಳೂರು ಜಿಲ್ಲೆ’ ಎಂದು ನಾನು. ಕೊನೆಗೆ ಪಿನ್‌ಕೋಡು ನೋಡಿ ನಂಬಿದ. ನಾನು ತರಿಸುತ್ತಿದ್ದದ್ದು ಬೆಂಕಿಪೆಟ್ಟಿಗೆಗಿಂತ ಸಣ್ಣದಾದ ಒಂದು ಸಾಮಾನು: ಹೆಡ್‌ಫೋನಿಗೆ ಹಾಕುವ ಆಂಪ್ಲಿಫೈಯರ್. ಅದು ಬೇಕಾಗಿದ್ದದ್ದು ದೊಡ್ಡಪ್ಪನಿಗೆ.

ದೊಡ್ಡಪ್ಪನಿಗೆ ಈಗ ಎಂಬತ್ತು ದಾಟಿದೆ. ನಡುವಯಸ್ಸಿನಲ್ಲಿ ಅವರಿಗಿದ್ದ ಒಂದೇ ಚಟವೆಂದರೆ ಯಕ್ಷಗಾನ. ನವೆಂಬರಿನಿಂದ ಮೇ ತಿಂಗಳವರೆಗೆ ಘಟ್ಟದ ಕೆಳಗಿನ ಮೇಳಗಳು ಮೇಲೆ ಬಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ತೀರ್ಥಹಳ್ಳಿಯ ಕಡೆ ಆಟ ಆಡಿದರೆ ದೊಡ್ಡಪ್ಪ ಹೆಗಲಿಗೆ ಟೇಪ್‌ರೆಕಾರ್ಡರ್ ನೇತುಹಾಕಿಕೊಂಡು ಹೊರಡುತ್ತಿದ್ದರು. ಹಾಗೆ ತುಂಬಿಸಿದ ಕ್ಯಾಸೆಟ್ಟುಗಳು ಬಿಸ್ಕತ್ತಿನ ಎರಡು ಡಬ್ಬಿಗಳಲ್ಲಿ ಉಳಿದಿದ್ದವು. ಬೂಸ್ಟು ಹಿಡಿದವು ಹೋಗಿ, ಟೇಪು ಕಿತ್ತವು ಹೋಗಿ, ಉಳಿದವನ್ನು ನಾನು ಪೇಟೆಗೆ ಕೊಟ್ಟು ಮೊಬೈಲಿಗೆ ಇಳಿಸಿಕೊಂಡು ಬಂದೆ. ದೊಡ್ಡಪ್ಪ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಐದು ನಿಮಿಷ ಕೂತರು. ಹೊರಗೆ ಜುಲೈ ತಿಂಗಳ ಮಳೆ ಹೆಂಚಿನ ಮೇಲೆ ಹೊಡೆಯುತ್ತಿತ್ತು.

‘ಎಂತ ಮಾರಾಯ, ಭಾಗವತರು ಪಕ್ಕದ ಊರಲ್ಲಿ ಹಾಡ್ತಿದ್ದ ಹಾಗೆ ಕೇಳ್ತದೆ. ಇದಕ್ಕೆ ಕಿಸೆಯಲ್ಲಿ ಇಟ್ಕೊಳ್ಳುವಂಥ ಒಂದು ಆಂಪ್ಲಿಫೈಯರು ಸಿಗುದಿಲ್ವಾ?’

ಸಿಗುತ್ತದೆ, ಯಾವುದನ್ನು ಕೊಳ್ಳುವುದು ಎಂದು ಹುಡುಕಲು ಕೂತವನು ನಾನು. ಹುಡುಕುತ್ತ ಹೋದ ಹಾಗೆ ಇದು ಬರೀ ಸಾಮಾನು ಕೊಳ್ಳುವ ವಿಚಾರವಲ್ಲ ಎನ್ನಿಸತೊಡಗಿತು. ಮನುಷ್ಯ ದೂರದ ದನಿಯನ್ನು ಒಬ್ಬನೇ ಕೇಳಿದ್ದು, ಹತ್ತು ಜನ ಕೂತು ಕೇಳಿದ್ದು, ಮತ್ತೆ ಒಬ್ಬನೇ ಕೇಳತೊಡಗಿದ್ದು, ಇದೆಲ್ಲದರ ಚರಿತ್ರೆ ಆ ಪುಟ್ಟ ಪೆಟ್ಟಿಗೆಯಲ್ಲಿದೆ.

*

ಹೆಡ್‌ಫೋನು ಹುಟ್ಟಿದಾಗ ಆಂಪ್ಲಿಫೈಯರ್ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಸ್ಫಟಿಕ ರೇಡಿಯೋಗೆ ಬ್ಯಾಟರಿಯೂ ಬೇಡ, ಕರೆಂಟೂ ಬೇಡ. ಗೆಲೀನಾ ಎಂಬ ಸೀಸದ ಅದಿರಿನ ಹರಳಿಗೆ ತೆಳ್ಳನೆಯ ತಂತಿ ತಾಗಿಸಿದರೆ ರೇಡಿಯೋ ಅಲೆಯೊಳಗಿನ ಸದ್ದು ಬಿಡಿಸಿಕೊಂಡು ಹೊರಬರುತ್ತಿತ್ತು. ಇಂಥ ಹರಳನ್ನು ಅಲೆ ಹಿಡಿಯಲು ಬಳಸಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ನಮ್ಮ ಜಗದೀಶಚಂದ್ರ ಬೋಸ್. ಗಾಳಿಯಲ್ಲಿ ಬಂದ ಅಲೆಯ ಶಕ್ತಿಯಷ್ಟೇ ಕಿವಿಯ ತಗಡನ್ನು ಅಲುಗಿಸಬೇಕಿತ್ತು. ಆ ಶಕ್ತಿ ಒಂದು ಕೋಣೆಗೆ ಸಾಲುವಂಥದ್ದಲ್ಲ, ಒಂದು ಜೊತೆ ಕಿವಿಗೆ ಸಾಕಾಗುವಷ್ಟು. ಆದ್ದರಿಂದಲೇ ಹೆಡ್‌ಫೋನು. ಅದು ಷೋಕಿಯ ವಸ್ತುವಾಗಿರಲಿಲ್ಲ, ಕೇಳಲು ಇದ್ದ ಒಂದೇ ದಾರಿಯಾಗಿತ್ತು.

1910ರಲ್ಲಿ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್ವಿನ್ ಎಂಬಾತ ಅಡುಗೆಮನೆಯಲ್ಲಿ ಕೂತು ಮಾಡಿದ ಒಂದು ಹೆಡ್‌ಫೋನನ್ನು ಅಲ್ಲಿನ ನೌಕಾಪಡೆಗೆ ಕಳಿಸಿದ. ನೌಕಾಪಡೆಯವರು ಪರೀಕ್ಷಿಸಿ ಮೆಚ್ಚಿ ಇನ್ನಷ್ಟು ಬೇಕೆಂದರು. ಅಡುಗೆಮನೆಯಲ್ಲಿ ಒಂದು ಸಲಕ್ಕೆ ಹತ್ತು ಮಾತ್ರ ಮಾಡಲು ಸಾಧ್ಯ ಎಂದು ಆತ ಉತ್ತರಿಸಿದನಂತೆ. ಹಡಗಿನ ತಂತಿರಹಿತ ಕೋಣೆಯಲ್ಲಿ ಕೂತು ಕ್ಷೀಣ ಸಂಕೇತಗಳಿಗೆ ಕಿವಿಗೊಡುವವರಿಗೆ ಆ ಸಾಮಾನಿನ ಬೆಲೆ ಗೊತ್ತಿತ್ತು.

ಲೀ ಡಿ ಫಾರೆಸ್ಟ್ 1906ರಲ್ಲಿ ಮೂರು ವಿದ್ಯುದ್ವಾರಗಳ ವಾಲ್ವ್ ಮಾಡಿದ. ಕೆಲವೇ ವರ್ಷಗಳಲ್ಲಿ ಅದು ಸಣ್ಣ ಸದ್ದನ್ನು ದೊಡ್ಡದು ಮಾಡುತ್ತದೆ ಎಂಬುದು ಗೊತ್ತಾಯಿತು. ಅಲ್ಲಿಗೆ ಆಂಪ್ಲಿಫೈಯರ್ ಹುಟ್ಟಿತು. ದನಿ ಕಿವಿಯಿಂದ ಇಳಿದು ಕೋಣೆಗೆ ಬಂತು, ಕೋಣೆಯಿಂದ ಮೈದಾನಕ್ಕೆ ಹೋಯಿತು. ಇನ್ನು ಮುಂದೆ ಒಬ್ಬನಿಗಾಗುವಷ್ಟೇ ಸದ್ದು ಎಂಬ ಲೆಕ್ಕವಿರಲಿಲ್ಲ.

*

ಕನ್ನಡಕ್ಕೆ ರೇಡಿಯೋ ಬಂದದ್ದು ಈ ಕಾಲದಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದರು. ಅವರ ಬಳಿಯಿದ್ದದ್ದು 30 ವ್ಯಾಟಿನ ಪ್ರಸಾರಯಂತ್ರ. ಇವತ್ತು ಮನೆಯಲ್ಲಿ ಉರಿಯುವ ಎರಡು ಮೂರು ಎಲ್‌ಇಡಿ ಬಲ್ಬುಗಳಷ್ಟು ಶಕ್ತಿ. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೋದ ಹೆಸರಾಯಿತು. ಅದರ ಮೊದಲ ಪ್ರಸಾರದಲ್ಲಿ ಕುವೆಂಪು ಕವಿತೆ ಓದಿದರು ಎಂಬುದನ್ನು ಮೈಸೂರು ಆಕಾಶವಾಣಿಯ ಕಥೆ ಹೇಳುವವರೆಲ್ಲ ನೆನೆಯುತ್ತಾರೆ. ಕುವೆಂಪು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಅಂದರೆ ಗಾಳಿಯಲ್ಲಿ ತೇಲಿದ ಮೊದಲ ಕನ್ನಡ ದನಿಗಳಲ್ಲಿ ಒಂದು ನಮ್ಮ ತಾಲ್ಲೂಕಿನಲ್ಲಿ ಹುಟ್ಟಿದ್ದು. ಆದರೆ ಅದನ್ನು ಆ ಸಂಜೆ ನಮ್ಮ ತಾಲ್ಲೂಕಿನವರು ಕೇಳಿರಲಾರರು. 30 ವ್ಯಾಟಿನ ದನಿ ಮೈಸೂರಿನಿಂದ ಹೊರಟು ಇಷ್ಟು ಗುಡ್ಡ ದಾಟಿ ಇಲ್ಲಿಗೆ ಬರುವುದು ಕಷ್ಟ. ಬಂದರೂ ಹಿಡಿಯಲು ರೇಡಿಯೋ ಎಷ್ಟು ಮನೆಯಲ್ಲಿತ್ತು?

ವಾಲ್ವ್ ರೇಡಿಯೋ ಮಲೆನಾಡಿಗೆ ಹೇಳಿಮಾಡಿಸಿದ್ದಲ್ಲ. ಅದಕ್ಕೆ ಕರೆಂಟು ಬೇಕು, ಇಲ್ಲವೇ ದೊಡ್ಡ ಬ್ಯಾಟರಿ ಬೇಕು. ಕಾಡಿನ ನಡುವೆ ಮೈಲಿಗೊಂದು ಮನೆ ಇರುವ ಊರುಗಳಿಗೆ ಕರೆಂಟಿನ ಕಂಬ ಬರುವುದಕ್ಕೆ ಬಹಳ ವರ್ಷ ಹಿಡಿಯಿತು. ಅಡಿಕೆಯೋ ಕಾಫಿಯೋ ಚೆನ್ನಾಗಿದ್ದ ದೊಡ್ಡ ಮನೆಗಳಲ್ಲಿ ಮಾತ್ರ ಜಗಲಿಯ ಮೇಲೊಂದು ಪೆಟ್ಟಿಗೆ, ಮಾಡಿನ ಮೇಲೊಂದು ಏರಿಯಲ್ ತಂತಿ. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಪುಸ್ತಕಕ್ಕೆ ಹಣ ಕಟ್ಟಬೇಕು. ರೇಡಿಯೋ ಕೇಳಲು ಸರ್ಕಾರದ ಅಪ್ಪಣೆ ಬೇಕಿತ್ತು ಎಂದರೆ ಈಗಿನ ವಿದ್ಯಾರ್ಥಿಗಳು ನಗುತ್ತಾರೆ. ಆ ಲೈಸೆನ್ಸು ಪೂರ್ತಿ ಹೋದದ್ದು 1980ರ ದಶಕದಲ್ಲಿ.

ಈ ಚಿತ್ರವನ್ನು ಬದಲಿಸಿದ್ದು ಟ್ರಾನ್ಸಿಸ್ಟರ್. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದನ್ನು ಮೇಲಧಿಕಾರಿಗಳಿಗೆ ತೋರಿಸಿದಾಗ ಅದಕ್ಕೆ ಕೊಟ್ಟ ಕೆಲಸವೇನು ಗೊತ್ತೆ? ಮಾತನ್ನು ದೊಡ್ಡದು ಮಾಡುವುದು. ಸಾಧನವನ್ನು ಒಮ್ಮೆ ಸೇರಿಸಿ, ಒಮ್ಮೆ ತೆಗೆದು, ಮಾತಿನ ಸದ್ದು ಎಷ್ಟು ಹೆಚ್ಚಾಗುತ್ತದೆ ಎಂದು ಕೇಳಿ ನೋಡಿದರು. ಇವತ್ತು ಜಗತ್ತಿನ ಎಲ್ಲ ಕಂಪ್ಯೂಟರುಗಳ ಬೇರು ಆ ಸಾಧನದಲ್ಲಿದೆ. ಆದರೆ ಅದು ಮೊದಲು ಮಾಡಿದ್ದು ಒಂದು ಆಂಪ್ಲಿಫೈಯರಿನ ಕೆಲಸ. ಟ್ರಾನ್ಸಿಸ್ಟರು ಮೊದಲು ಅಂಗಡಿಗೆ ಬಂದದ್ದು ಕೂಡ ರೇಡಿಯೋದಲ್ಲಲ್ಲ, 1952ರ ಕೊನೆಯಲ್ಲಿ ಕಿವುಡರ ಶ್ರವಣಯಂತ್ರದಲ್ಲಿ. ಕಿವುಡ ಮಕ್ಕಳ ಶಿಕ್ಷಕನಾಗಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ನೆನಪಿಗೆ ಆ ಕಂಪನಿ ಶ್ರವಣಯಂತ್ರ ಮಾಡುವವರಿಂದ ಪೇಟೆಂಟಿನ ರಾಯಧನ ಕೇಳಲಿಲ್ಲ. ದೊಡ್ಡಪ್ಪನ ಕಿವಿಯ ಚಿಂತೆಯಲ್ಲಿದ್ದ ನನಗೆ ಈ ಸಂಗತಿ ಇಷ್ಟವಾಯಿತು.

1954ರಲ್ಲಿ ನಾಲ್ಕು ಟ್ರಾನ್ಸಿಸ್ಟರುಗಳ ರೀಜೆನ್ಸಿ ರೇಡಿಯೋ ಅಮೆರಿಕದಲ್ಲಿ ಬಂತು, ಬೆಲೆ 49.95 ಡಾಲರು. ಮರುವರ್ಷ ಜಪಾನಿನಲ್ಲಿ ಸೋನಿಯ ಮೊದಲ ಟ್ರಾನ್ಸಿಸ್ಟರ್ ರೇಡಿಯೋ ಬಂತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲೇ ಹುಟ್ಟಿದ್ದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದ ಆರಂಭದಲ್ಲಿ ವಾಲ್ವುಗಳನ್ನೂ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಹೊರದೇಶದ ಬಿಡಿಭಾಗಕ್ಕೆ ಕಾಯಬೇಕಿದ್ದ ರೇಡಿಯೋಗಳಿಗೆ ನಮ್ಮ ರಾಜ್ಯದಲ್ಲೇ ಜೀವ ಸಿಕ್ಕಿತು.

1965ರಲ್ಲಿ ಭದ್ರಾವತಿ ಆಕಾಶವಾಣಿ ಆರಂಭವಾಯಿತು. ಮಧ್ಯಮ ತರಂಗ, 675 ಕಿಲೋಹರ್ಟ್ಸ್. ಮಲೆನಾಡಿಗೆ ಇದು ಸಣ್ಣ ವಿಚಾರವಲ್ಲ. ಅಲ್ಲಿಯವರೆಗೆ ಬೆಂಗಳೂರೋ ಧಾರವಾಡವೋ ಗುಡುಗುಡು ಸದ್ದಿನ ನಡುವೆ ಸಿಕ್ಕಿದರೆ ಸಿಕ್ಕಿತು. ಭದ್ರಾವತಿ ಹತ್ತಿರದ್ದು. ಮಧ್ಯಮ ತರಂಗ ನೆಲಕ್ಕೆ ಅಂಟಿಕೊಂಡು ಗುಡ್ಡವನ್ನು ಬಳಸಿಕೊಂಡು ಬರುತ್ತದೆ, ಎಫ್‌ಎಂ ಹಾಗೆ ಬರುವುದಿಲ್ಲ. ಆದ್ದರಿಂದ ತೋಟದ ಕಣಿವೆಯಲ್ಲೂ ಕೇಳಿತು. ತೋಟಕ್ಕೆ ಹೋಗುವವರು ಕತ್ತಿಯ ಜೊತೆ ಟ್ರಾನ್ಸಿಸ್ಟರನ್ನೂ ಒಯ್ದರು. ಅಡಿಕೆ ಸುಲಿಯುವ ಅಂಗಳದಲ್ಲಿ ಮೆಟ್ಟುಗತ್ತಿಗಳ ನಡುವೆ ಅದು ಕೂತಿರುತ್ತಿತ್ತು. ಸೆಲ್ಲು ಇಳಿದರೆ ಬಿಸಿಲಿಗೆ ಇಡುವುದು, ಮಳೆಗಾಲವಾದರೆ ಬಚ್ಚಲೊಲೆಯ ದಂಡೆಯ ಮೇಲಿಡುವುದು. ಬೆಚ್ಚಗಾದ ಸೆಲ್ಲು ಇನ್ನೆರಡು ದಿನ ವಾರ್ತೆ ಹೇಳುತ್ತಿತ್ತು.

ಅದೇ ನಾರ್ವೆ ಎಂಬ ಹೆಸರಿನ ದೇಶ 2017ರಲ್ಲಿ ತನ್ನ ರಾಷ್ಟ್ರೀಯ ಎಫ್‌ಎಂ ಪ್ರಸಾರಗಳನ್ನು ಮುಚ್ಚಿ ಡಿಜಿಟಲ್ ರೇಡಿಯೋಗೆ ದಾಟಿತು. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ದೇಶ ಅದು. ಆ ಸುದ್ದಿ ಓದಿದ ದಿನ ನಮ್ಮ ನಾರ್ವೆಯ ದೊಡ್ಡಪ್ಪನ ಕೋಣೆಯಲ್ಲಿ ಭದ್ರಾವತಿ ಎಂದಿನಂತೆ ಮಾತಾಡುತ್ತಿತ್ತು.

*

ರೇಡಿಯೋ ಕೊಟ್ಟದ್ದನ್ನು ಕೇಳಬೇಕು. ನಮಗೆ ಬೇಕಾದ್ದನ್ನು ಹಿಡಿದಿಟ್ಟುಕೊಳ್ಳಲು ಆದದ್ದು ಕ್ಯಾಸೆಟ್ ಬಂದ ಮೇಲೆ. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ತೋರಿಸಿತು. ನಮ್ಮಲ್ಲಿ ಅದು ಮನೆಮನೆಗೆ ಬರಲು ಹದಿನೈದು ಇಪ್ಪತ್ತು ವರ್ಷವಾಯಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದು ಭಾವಗೀತೆಗೊಂದು ಮಾರುಕಟ್ಟೆಯಿದೆ ಎಂದು ತೋರಿಸಿತು. ಮುಂದಿನ ದಶಕದಲ್ಲಿ ಹರಿಕಥೆ, ತಾಳಮದ್ದಳೆ, ನಾಟಕ, ದೇವರ ನಾಮ, ಎಲ್ಲವೂ ಕ್ಯಾಸೆಟ್ಟಾದವು.

ಆದರೆ ದೊಡ್ಡಪ್ಪನಂಥವರಿಗೆ ಮುಖ್ಯವಾದದ್ದು ಅಂಗಡಿಯ ಕ್ಯಾಸೆಟ್ ಅಲ್ಲ, ಖಾಲಿ ಕ್ಯಾಸೆಟ್. ಸಿ-90 ಎಂದರೆ ಒಂದು ಮಗ್ಗುಲಿಗೆ 45 ನಿಮಿಷ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಆರಕ್ಕೆ ಮುಗಿಯುವ ಆಟವನ್ನು ಪೂರ್ತಿ ಹಿಡಿಯಲು ಆರು ಕ್ಯಾಸೆಟ್ ಬೇಕು, ಹನ್ನೊಂದು ಬಾರಿ ಮಗುಚಿ ಹಾಕಬೇಕು. ಆರು ಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಯಾವ ಪದ್ಯ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಗುಂಡಿ ಒತ್ತಿ, ಸಂಭಾಷಣೆ ಬಂದಾಗ ನಿಲ್ಲಿಸಿ, ಮತ್ತೆ ಒತ್ತಿ ಹಿಡಿಯುವುದು. ನಾನು ಇಳಿಸಿಕೊಂಡ ಕಡತಗಳಲ್ಲಿ ಪ್ರತಿ ಹಾಡಿನ ಮೊದಲು ಒಂದು ‘ಟಕ್’ ಸದ್ದಿದೆ. ಅದು ದೊಡ್ಡಪ್ಪನ ಬೆರಳು.

ಇನ್ನೊಂದು ವಿಚಿತ್ರವಿದೆ. ಬೆಳಗಿನ ಜಾವದ ಪದ್ಯಗಳಲ್ಲಿ ಭಾಗವತರ ಶ್ರುತಿ ಅರ್ಧ ಮನೆ ಏರಿದ ಹಾಗೆ ಕೇಳುತ್ತದೆ. ಏರಿದ್ದು ಅವರಲ್ಲ. ಸೆಲ್ಲು ಇಳಿದು ಮುದ್ರಿಸುವಾಗ ಟೇಪು ನಿಧಾನಕ್ಕೆ ಓಡಿದೆ. ಅದನ್ನೇ ಸರಿಯಾದ ವೇಗದಲ್ಲಿ ಓಡಿಸಿದರೆ ದನಿ ಎತ್ತರವಾಗುತ್ತದೆ. ಸೆಲ್ಲಿಗೆ ದುಡ್ಡಿಲ್ಲದ್ದು ಕೂಡ ಟೇಪಿನಲ್ಲಿ ಮುದ್ರಣವಾಗಿದೆ.

ಈ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವು ಗುಂಡ್ಮಿ ಕಾಳಿಂಗ ನಾವಡರವು. 1958ರಲ್ಲಿ ಹುಟ್ಟಿ, ಸಾಲಿಗ್ರಾಮ ಮೇಳದ ಭಾಗವತರಾಗಿ, ಬಡಗುತಿಟ್ಟಿನ ಹಾಡುಗಾರಿಕೆಗೆ ಹೊಸ ಮೆರುಗು ಕೊಟ್ಟವರು. 1990ರ ಮೇ 27ರಂದು, ತಿರುಗಾಟ ಮುಗಿಯುವ ಹೊತ್ತಿಗೆ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇನ್ನೂ ಮೂವತ್ತರ ಆಸುಪಾಸಿನ ವಯಸ್ಸು. ಇವತ್ತು ಅವರ ದನಿ ಇಷ್ಟು ಉಳಿದಿರುವುದರಲ್ಲಿ ಡೇರೆಯ ಮೂಲೆಯಲ್ಲಿ, ಸ್ಪೀಕರಿನ ಕಂಬದ ಬುಡದಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತ ಅಭಿಮಾನಿಗಳ ಪಾಲು ದೊಡ್ಡದು. ಯಕ್ಷಗಾನಕ್ಕೆ ಮೈಕು ಬರುವ ಮೊದಲು ಭಾಗವತನ ಕಂಠ ಬಯಲಿನ ಕೊನೆಯ ಸಾಲಿಗೆ ತಾನೇ ಮುಟ್ಟಬೇಕಿತ್ತು. ಮೈಕು ಬಂದ ಮೇಲೆ ಮೆಲುದನಿಗೂ, ಸಣ್ಣ ಸಂಗತಿಗೂ ಜಾಗ ಸಿಕ್ಕಿತು. ನಾವಡರ ಹಾಡಿನಲ್ಲಿ ಜನ ಮೆಚ್ಚಿದ ನಯಕ್ಕೂ ಆ ಆಂಪ್ಲಿಫೈಯರಿಗೂ ಸಂಬಂಧವಿದೆ. ಆ ಮೆಲುದನಿಯೇ ಈಗ ದೊಡ್ಡಪ್ಪನಿಗೆ ಕೇಳದಾಗಿದ್ದದ್ದು.

*

ಕಿವಿಗೆ ಮತ್ತೆ ಒಂಟಿತನ ತಂದದ್ದು ವಾಕ್‌ಮನ್. 1979ರ ಜುಲೈ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂತು. ಪತ್ರಕರ್ತರು ಬಳಸುವ ಸಣ್ಣ ರೆಕಾರ್ಡರಿನಿಂದ ಮುದ್ರಿಸುವ ಭಾಗವನ್ನು ತೆಗೆದುಹಾಕಿ, ಕೇಳುವುದನ್ನು ಮಾತ್ರ ಉಳಿಸಿದ ಯಂತ್ರ ಅದು. ಒಬ್ಬನೇ ಕೇಳುವುದು ಮರ್ಯಾದೆಯಲ್ಲ ಎಂಬ ಅಳುಕು ಮಾಡಿದವರಿಗೂ ಇತ್ತು. ಆದ್ದರಿಂದ ಮೊದಲ ಮಾದರಿಯಲ್ಲಿ ಎರಡು ಹೆಡ್‌ಫೋನಿಗೆ ಎರಡು ತೂತು, ಜೊತೆಯವರ ಜೊತೆ ಮಾತಾಡಲು ಒಂದು ಕಿತ್ತಳೆ ಬಣ್ಣದ ಗುಂಡಿ. ಜನಕ್ಕೆ ಅದು ಬೇಕಾಗಲಿಲ್ಲ. ಮುಂದಿನ ಮಾದರಿಗಳಲ್ಲಿ ಒಂದೇ ತೂತು ಉಳಿಯಿತು.

ವಾಕ್‌ಮನ್ ಎರಡು ಸೆಲ್ಲಿನಲ್ಲಿ ನಡೆಯಬೇಕು. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಸದ್ದು ಬರಬೇಕೆಂದರೆ ಹೆಡ್‌ಫೋನಿನ ವಿದ್ಯುತ್ ತಡೆ ಕಡಿಮೆಯಿರಬೇಕು. 1968ರಲ್ಲಿ ಬಂದ ಜರ್ಮನಿಯ ಪ್ರಸಿದ್ಧ ಸೆನ್‌ಹೈಸರ್ ಎಚ್‌ಡಿ 414ರ ತಡೆ 2000 ಓಮ್. ಅದು ಮನೆಯ ದೊಡ್ಡ ಯಂತ್ರಕ್ಕೆ ಸರಿ. ಕಿಸೆಯ ಯಂತ್ರಕ್ಕೆ 32 ಓಮಿನ ಆಸುಪಾಸು ಬೇಕಾಯಿತು. ಅಲ್ಲಿಂದ ಹೆಡ್‌ಫೋನುಗಳು ಎರಡು ಜಾತಿಯಾದವು: ಮನೆಯವು, ತಿರುಗಾಟದವು. ಮನೆಯ ಜಾತಿಯನ್ನು ಕಿಸೆಯ ಯಂತ್ರಕ್ಕೆ ಸಿಕ್ಕಿಸಿದವರಿಗೆ ಸದ್ದು ಸಾಲಲಿಲ್ಲ. ಒಯ್ಯುವ ಹೆಡ್‌ಫೋನ್ ಆಂಪ್ಲಿಫೈಯರ್ ಹುಟ್ಟಿದ್ದು ಈ ಬಿರುಕಿನಲ್ಲಿ.

1992ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಟಿಲ್ ಹರ್ಟ್‌ಸೆನ್ಸ್ ಎಂಬಾತ ಹೆಡ್‌ರೂಮ್ ಎಂಬ ಕಂಪನಿ ಶುರುಮಾಡಿ ವಿಮಾನದಲ್ಲೂ ಒಳ್ಳೆಯ ಸಂಗೀತ ಕೇಳಬೇಕೆನ್ನುವವರಿಗೆ ಇಂಥ ಪೆಟ್ಟಿಗೆ ಮಾರಿದ. ಬೆಲೆ ಎಲ್ಲರಿಗೂ ಎಟುಕುವುದಲ್ಲ. 1990ರ ದಶಕದ ಕೊನೆಯಲ್ಲಿ ಚು ಮೊಯ್ ಎಂಬಾತ ಒಂದು ನಕ್ಷೆಯನ್ನು ಎಲ್ಲರ ಮುಂದಿಟ್ಟ: ಒಂದು ಆಪ್-ಆಂಪ್ ಚಿಪ್ಪು, ಕೆಲವು ರೆಸಿಸ್ಟರ್ ಮತ್ತು ಕೆಪಾಸಿಟರ್, ಒಂದು 9 ವೋಲ್ಟಿನ ಬ್ಯಾಟರಿ. ಎಲ್ಲವೂ ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಹಿಡಿಯುತ್ತದೆ. ಬಾಲ್ಡ್ವಿನ್ನನ ಅಡುಗೆಮನೆ ಮತ್ತೆ ಬಂದ ಹಾಗಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದರೆ ಅದರ ಎಲ್ಲ ಭಾಗಗಳೂ ಸಿಗುತ್ತವೆ.

2011ರಲ್ಲಿ ಇನ್ನೊಂದು ಸ್ವಾರಸ್ಯ ನಡೆಯಿತು. ಹೆಸರು ಹೇಳದ ಒಬ್ಬ ಎಂಜಿನಿಯರ್ ದುಬಾರಿ ಆಂಪ್ಲಿಫೈಯರುಗಳನ್ನು ಅಳತೆಮಾಡಿ, ಬೆಲೆಗೂ ಗುಣಕ್ಕೂ ನಂಟಿಲ್ಲ ಎಂದು ಅಂಕಿಗಳಲ್ಲಿ ತೋರಿಸಿದ. ಹಾಗಾದರೆ ನೀನೇ ಮಾಡು ಎಂಬ ಮಾತಿಗೆ ಉತ್ತರವಾಗಿ ‘ಓ2’ ಎಂಬ ಆಂಪ್ಲಿಫೈಯರಿನ ಪೂರ್ತಿ ನಕ್ಷೆಯನ್ನು ಬಿಟ್ಟಿ ಕೊಟ್ಟ. ಮರುವರ್ಷ ಏನನ್ನೂ ಹೇಳದೆ ಸುಮ್ಮನಾದ. ಆತ ಯಾರೆಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ನಮ್ಮಲ್ಲಿ ಅಂಕಿತವಿಲ್ಲದ ಹಾಡುಗಳು ಉಳಿದ ಹಾಗೆ ಆತನ ಪೆಟ್ಟಿಗೆ ಉಳಿದಿದೆ. ಇತ್ತ 2007ರಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ ಹುಟ್ಟಿದ ಫಿಯೋ ಕಂಪನಿ ಸಾಮಾನ್ಯರು ಕೊಳ್ಳಬಹುದಾದ ಬೆಲೆಗೆ ಇಂಥವನ್ನು ಮಾರತೊಡಗಿತು. 2016ರಲ್ಲಿ ಐಫೋನ್ 7 ಹೆಡ್‌ಫೋನಿನ ತೂತನ್ನೇ ತೆಗೆದುಹಾಕಿದ ಮೇಲೆ ಉಳಿದ ಫೋನುಗಳೂ ಒಂದೊಂದಾಗಿ ಆ ದಾರಿ ಹಿಡಿದವು. ಹಾಗಾಗಿ ಈಗ ಆಂಪ್ಲಿಫೈಯರು ಒಂದು ತುಂಡು ಕೇಬಲ್ಲಿನಷ್ಟಾಗಿದೆ. ಡಾಂಗಲ್ ಎಂದು ಕರೆಯುತ್ತಾರೆ. ಅಂಕಿಗಳನ್ನು ಸದ್ದಾಗಿ ಬದಲಿಸುವ ಚಿಪ್ಪೂ, ಆ ಸದ್ದನ್ನು ಹೆಚ್ಚಿಸುವ ಚಿಪ್ಪೂ ಅದರೊಳಗೇ ಇರುತ್ತವೆ.

*

ಇಷ್ಟು ತಿಳಿದ ಮೇಲೆ ಕೊಳ್ಳುವುದು ಸುಲಭವಾಯಿತು. ನಾಲ್ಕು ಲೆಕ್ಕ ಸಾಕು.

ಮೊದಲನೆಯದು, ಬೇಕೋ ಬೇಡವೋ ಎನ್ನುವುದು. 32 ಓಮಿನ, ಒಂದು ಮಿಲಿವ್ಯಾಟಿಗೆ 100 ಡೆಸಿಬೆಲ್ ಕೊಡುವ ಹೆಡ್‌ಫೋನಿನಲ್ಲಿ ಹಾಡಿನ ಅತಿ ಜೋರಿನ ಕ್ಷಣ 110 ಡೆಸಿಬೆಲ್ ಮುಟ್ಟಲು 10 ಮಿಲಿವ್ಯಾಟ್ ಬೇಕು, ಅಂದರೆ ಸುಮಾರು 0.57 ವೋಲ್ಟ್. ಬಹಳಷ್ಟು ಫೋನುಗಳು ಅರ್ಧದಿಂದ ಒಂದು ವೋಲ್ಟ್ ಕೊಡುತ್ತವೆ. ಅಂಥವರಿಗೆ ಆಂಪ್ಲಿಫೈಯರಿನ ಹಂಗೇ ಬೇಡ. ದೊಡ್ಡಪ್ಪನಿಗೆ ಬೆಂಗಳೂರಿನ ತಂಗಿಯ ಮಗ ಪ್ರೀತಿಯಿಂದ ಕೊಟ್ಟದ್ದು ಮೆತ್ತನೆಯ, ಒಳ್ಳೆಯ ಜಾತಿಯ ಹೆಡ್‌ಫೋನು. 300 ಓಮ್, ಮಿಲಿವ್ಯಾಟಿಗೆ 97 ಡೆಸಿಬೆಲ್. ಅದಕ್ಕೆ ಅದೇ ಜೋರು ಬರಲು 20 ಮಿಲಿವ್ಯಾಟ್, ಅಂದರೆ ಸುಮಾರು 2.45 ವೋಲ್ಟ್ ಬೇಕು. ಫೋನಿನ ಕೈಲಿ ಆಗದ ಮಾತು.

ಎರಡನೆಯದು, ಆಂಪ್ಲಿಫೈಯರಿನ ಹೊರತಡೆ. ಅದು ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಇರಬೇಕು ಎನ್ನುವುದು ಬಲ್ಲವರ ಲೆಕ್ಕ. 32 ಓಮಿನದಕ್ಕೆ 4 ಓಮಿಗಿಂತ ಕಡಿಮೆ. ಇಲ್ಲದಿದ್ದರೆ ಮದ್ದಳೆಯ ಗುಂಪು ಒಂದು ಥರ, ಚಂಡೆ ಇನ್ನೊಂದು ಥರ ಕೇಳಬಹುದು. ಮೂರನೆಯದು, ಅದರದೇ ಗುಯ್‌ಗುಡುವಿಕೆ. ಬರೀ ಶಕ್ತಿ ಹೆಚ್ಚಿರುವ ಪೆಟ್ಟಿಗೆಯನ್ನು ಸಣ್ಣ ಇಯರ್‌ಫೋನಿಗೆ ಹಾಕಿದರೆ ಹಾಡು ಇಲ್ಲದಾಗಲೂ ‘ಸ್ಸ್’ ಎನ್ನುತ್ತಿರುತ್ತದೆ. ನಾಲ್ಕನೆಯದು, ಊಟ. ತನ್ನದೇ ಬ್ಯಾಟರಿ ಇರುವುದಕ್ಕೆ ಚಾರ್ಜು ಹಾಕುವ ನೆನಪು ಬೇಕು. ಡಾಂಗಲ್ಲಾದರೆ ಫೋನಿನ ಬ್ಯಾಟರಿಯನ್ನೇ ತಿನ್ನುತ್ತದೆ. ಎರಡು ಯಂತ್ರಕ್ಕೆ ಚಾರ್ಜು ಹಾಕುವ ತಾಳ್ಮೆ ದೊಡ್ಡಪ್ಪನಿಗಿಲ್ಲ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರುವುದಿಲ್ಲ. ಹೀಗಾಗಿ ಡಾಂಗಲ್ಲೇ ಸರಿ ಎನ್ನಿಸಿತು. 2 ವೋಲ್ಟ್ ಕೊಡುವಂಥದ್ದು, ಎರಡು ಸಾವಿರ ರೂಪಾಯಿಯ ಒಳಗೆ ಸಿಕ್ಕಿತು. ಅರ್ಧ ವೋಲ್ಟಿನಿಂದ 2 ವೋಲ್ಟ್ ಎಂದರೆ 12 ಡೆಸಿಬೆಲ್ ಹೆಚ್ಚು. ಕಿವಿಗೆ ಅದು ಎರಡು ಪಟ್ಟಿಗಿಂತ ತುಸು ಹೆಚ್ಚು ಜೋರು.

ಇದರ ಜೊತೆ ಬಿಟ್ಟಿ ಕೆಲಸವೊಂದಿತ್ತು. ಟೇಪಿನಿಂದ ಇಳಿಸುವಾಗಲೇ ಸದ್ದು ತೀರ ತಗ್ಗಿನಲ್ಲಿ ಇಳಿದಿತ್ತು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು 20 ಡೆಸಿಬೆಲ್ ಏರಿಸಿದೆ. ನಿಜ ಹೇಳಬೇಕೆಂದರೆ ಹೆಚ್ಚಿನ ಕೆಲಸ ಆದದ್ದು ಅಲ್ಲೇ, ದುಡ್ಡಿಲ್ಲದೆ. ಹಳೆಯ ಟೇಪುಗಳನ್ನು ಇಳಿಸಿಕೊಳ್ಳುವವರು ಪೆಟ್ಟಿಗೆ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಬೇಕು.

ಆಂಪ್ಲಿಫೈಯರಿಗೆ ವಿವೇಕವಿಲ್ಲ ಎಂಬುದು ಆಗ ಅರ್ಥವಾಯಿತು. ಅದು ಭಾಗವತರನ್ನು ಏರಿಸುವಷ್ಟೇ ಟೇಪಿನ ಉಸಿರನ್ನೂ ಏರಿಸುತ್ತದೆ. ಡೇರೆಯ ಹೊರಗಿನ ಜನರೇಟರು, ಕಡಲೆ ಮಾರುವವನ ಕೂಗು, ಹಿಂದಿನ ಸಾಲಿನ ಕೆಮ್ಮು, ಎಲ್ಲಕ್ಕೂ ಒಂದೇ ಮರ್ಯಾದೆ.

ಕಿವಿಯ ವಿಚಾರದಲ್ಲೂ ಹಾಗೇ. ವಯಸ್ಸಾದಾಗ ಮೊದಲು ಹೋಗುವುದು ಎತ್ತರದ ಸ್ವರಗಳನ್ನು ಹಿಡಿಯುವ ಶಕ್ತಿ. ಸ, ಶ, ತ, ಥ ಇವೆಲ್ಲ ಮಸುಕಾಗುತ್ತವೆ. ಬರೀ ಜೋರು ಮಾಡಿದರೆ ಸದ್ದು ಕೇಳುತ್ತದೆ, ಸಾಹಿತ್ಯ ಕೇಳುವುದಿಲ್ಲ. ವಾರಕ್ಕೆ 40 ಗಂಟೆಗೆ 80 ಡೆಸಿಬೆಲ್ ದಾಟಬಾರದು, 90 ಡೆಸಿಬೆಲ್ಲಾದರೆ ನಾಲ್ಕೇ ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಳಿಸುತ್ತಿಲ್ಲ ಎಂದು ಏರಿಸುತ್ತ ಹೋದರೆ ಉಳಿದದ್ದೂ ಹೋಗುತ್ತದೆ. ಅದಕ್ಕೇ ಡಾಂಗಲ್ ಬರುವ ಮೊದಲು ದೊಡ್ಡಪ್ಪನನ್ನು ಒಪ್ಪಿಸಿ ಕಿವಿ ಪರೀಕ್ಷೆ ಮಾಡಿಸಿದೆವು. ಮೈಸೂರಿನಲ್ಲಿ ಇದಕ್ಕಾಗಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅದು ಆರಂಭವಾದದ್ದೂ 1965ರಲ್ಲಿ, ಭದ್ರಾವತಿ ಆಕಾಶವಾಣಿ ಹುಟ್ಟಿದ ವರ್ಷವೇ. ಪರೀಕ್ಷೆಯಲ್ಲಿ ಎಡಗಿವಿ ಬಲಗಿವಿಗಿಂತ ಮಂದ ಎಂದು ಗೊತ್ತಾಯಿತು. ಶ್ರವಣಯಂತ್ರಕ್ಕೆ ಮಾತ್ರ ದೊಡ್ಡಪ್ಪ ಇನ್ನೂ ಒಪ್ಪಿಲ್ಲ. ‘ನೋಡುವ’ ಎಂದಿದ್ದಾರೆ.

*

ಡಾಂಗಲ್ ಬಂದ ದಿನವೂ ಮಳೆ. ಸಿಕ್ಕಿಸಿ, ಸದ್ದನ್ನು ಅರ್ಧಕ್ಕೆ ಇಟ್ಟು, ಒಂದು ಕಡತ ಹಾಕಿ ಕೊಟ್ಟೆ. ದೊಡ್ಡಪ್ಪ ಕಣ್ಣು ಮುಚ್ಚಿ ಕೂತರು. ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕತೊಡಗಿತು. ನಾನು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದೆ. ಬಂದಾಗ ತಾಳ ನಿಂತಿತ್ತು.

‘ಇದನ್ನು ಸ್ವಲ್ಪ ಹಿಂದೆ ಹಾಕು.’

ಹಾಕಿದೆ. ಪದ್ಯ ಮುಗಿದ ಮೇಲಿನ ಗದ್ದಲ. ಇನ್ನೇನು ದೊಡ್ಡಪ್ಪ ಗುಂಡಿ ಒತ್ತಿ ನಿಲ್ಲಿಸಬೇಕು. ಅಷ್ಟರಲ್ಲಿ ರೆಕಾರ್ಡರಿನ ತೀರ ಹತ್ತಿರದಿಂದ ಒಂದು ಹೆಣ್ಣುದನಿ. ಫ್ಲಾಸ್ಕಿನಲ್ಲಿ ಇನ್ನು ಒಂದು ಲೋಟ ಇದೆ, ಈಗ ಕುಡಿಯುತ್ತೀರೋ ಆಮೇಲೋ ಎಂದು ಕೇಳುತ್ತಿತ್ತು. ಟಕ್.

ದೊಡ್ಡಮ್ಮ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವರ ದನಿ ಮನೆಯಲ್ಲಿ ಬೇರೆಲ್ಲೂ ಮುದ್ರಣವಾಗಿಲ್ಲ. ಅದು ಈ ಟೇಪಿನಲ್ಲಿ ಇದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಎಷ್ಟೋ ಸಲ ಇದೇ ಕ್ಯಾಸೆಟ್ಟನ್ನು ಮನೆಯವರೆಲ್ಲ ಕೂತು ಸ್ಪೀಕರಿನಲ್ಲಿ ಕೇಳಿದ್ದೇವೆ. ಹಾಡು ಮುಗಿದ ಕೂಡಲೇ ನಾವೆಲ್ಲ ಮಾತಿಗಿಳಿಯುತ್ತಿದ್ದೆವು.

ಮತ್ತೆರಡು ಸಲ ಹಿಂದೆ ಹಾಕಿಸಿದರು. ಮೂರನೆಯ ಸಲ ಹೆಡ್‌ಫೋನು ತೆಗೆದು ನನ್ನ ಕೈಗೆ ಕೊಟ್ಟು, ‘ನೀನೂ ಕೇಳು’ ಎಂದರು. ಆಮೇಲೆ ಆರಿದ ಕಾಫಿ ಕುಡಿದು, ಡಬ್ಬಿಯಲ್ಲಿ ಇನ್ನೆಷ್ಟು ಕ್ಯಾಸೆಟ್ಟು ಇಳಿಸುವುದು ಬಾಕಿ ಇದೆ ಎಂದು ವಿಚಾರಿಸಿದರು. ಬೂಸ್ಟು ಹಿಡಿದದ್ದೆಂದು ಪಕ್ಕಕ್ಕಿಟ್ಟವು ಹದಿನಾಲ್ಕಿದ್ದವು. ಅವನ್ನು ಬಿಸಾಡಬೇಡ, ಬಚ್ಚಲೊಲೆಯ ಹತ್ತಿರ ಬೆಚ್ಚಗೆ ಇಟ್ಟು ಒಣಗಿಸು, ಆದರೆ ತೀರ ಹತ್ತಿರ ಇಡಬೇಡ ಎಂದರು.